ಬಿತ್ತನೆಯ ಭತ್ತ, ಊಟದ ಅಕ್ಕಿ: ಮನೆಯ ಸಿ.ಡಿ. ಸಂಗೀತವನ್ನು ಕಾಪಿಡುವ ಬಗೆ

ಕೃಷ್ಣರಾಜನಗರವನ್ನು ಭತ್ತದ ಕಣಜವೆಂದು ಕರೆಯುವುದು ರೂಢಿ. ನಾಲೆಯ ನೀರುಣ್ಣುವ ಈ ಸೀಮೆಯಲ್ಲಿ ಒಕ್ಕಣೆ ಮುಗಿದ ಮೇಲೆ ರೈತರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮುಂದಿನ ಬಿತ್ತನೆಯ ಭತ್ತವನ್ನು ಬೇರೆ ತೆಗೆದಿಡುವುದು. ಉಳಿದದ್ದು ಮಿಲ್ಲಿಗೆ ಹೋಗಿ ಅಕ್ಕಿಯಾಗುತ್ತಿತ್ತು. ಭತ್ತವಿದ್ದರೆ ಬೇಕೆಂದಾಗ ಅಕ್ಕಿ ಮಾಡಿಕೊಳ್ಳಬಹುದು. ಅಕ್ಕಿಯನ್ನು ಬಿತ್ತಿ ಭತ್ತ ಬೆಳೆಯಲು ಮಾತ್ರ ಬರುವುದಿಲ್ಲ. ಮನೆಯಲ್ಲಿ ಕೂಡಿಟ್ಟ ಸಂಗೀತದ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಲು ಹೊರಟವರು ಕೇಳುವ ಪ್ರಶ್ನೆಗಳು ಹಲವು: ಯಾವ ಸಾಫ್ಟ್‌ವೇರ್ ಒಳ್ಳೆಯದು, ಎಂಪಿ3 ಸಾಕೇ, ಫ್ಲಾಕ್ ಬೇಕೇ, ಎಷ್ಟು ಜಾಗ ಹಿಡಿಯುತ್ತದೆ? ಒಕ್ಕಲಿನ ಮನೆಯ ಈ ತಿಳಿವಳಿಕೆಯನ್ನು ಹಿಡಿದು ಹೊರಟರೆ ಇವುಗಳಲ್ಲಿ ಬಹುಪಾಲು ತಾವಾಗಿಯೇ ಬಗೆಹರಿಯುತ್ತವೆ. ಕಾಪಿಡುವ ಪ್ರತಿ ಬೇರೆ, ಕೇಳುವ ಪ್ರತಿ ಬೇರೆ. ಮುಂದೆ ತಿದ್ದಿಕೊಳ್ಳಬಹುದಾದ ತೀರ್ಮಾನಗಳನ್ನು ಹಗುರವಾಗಿ ತೆಗೆದುಕೊಂಡರೆ ಅಡ್ಡಿಯಿಲ್ಲ. ತಿದ್ದಲಾಗದವನ್ನು ನಿಧಾನವಾಗಿ, ಒಂದೇ ಸಲ, ಸರಿಯಾಗಿ ಮಾಡಬೇಕು. ಈ ಲೇಖನದ ವಾದವೆಲ್ಲ ಇಷ್ಟೇ. ಆದರೆ ಯಾವುದು ತಿದ್ದಲಾಗದ್ದು ಎಂಬುದನ್ನು ಗುರುತಿಸುವುದರಲ್ಲಿ ಅನೇಕರು ಎಡವುತ್ತಾರೆ.

ಮೊದಲು ಈ ಭಾಗದ ಮನೆಗಳಲ್ಲಿ, ಮಠಗಳಲ್ಲಿ, ಸಂಘಗಳ ಬೀರುಗಳಲ್ಲಿ ಇರುವ ಸಿ.ಡಿ.ಗಳ ಬಗೆಯನ್ನು ನೋಡೋಣ. ಒಂದು ಬಗೆ ಭಾವಗೀತೆ, ಭಕ್ತಿಗೀತೆ, ಸಿನಿಮಾ ಹಾಡು. ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಕವಿತೆ ಅಂಗಡಿಯಲ್ಲಿ ಕೊಳ್ಳುವ ಸಂಗೀತವೂ ಆಯಿತು; ಆ ಪರಂಪರೆಯ ಹಲವು ಕ್ಯಾಸೆಟ್‌ಗಳು ಮುಂದೆ ಸಿ.ಡಿ.ಗಳಾದವು. ಎರಡನೆಯದು ಕರ್ನಾಟಕ ಸಂಗೀತ. ಕಾವೇರಿಯ ದಂಡೆಯ ರುದ್ರಪಟ್ಟಣ ಅರಕಲಗೂಡು ತಾಲ್ಲೂಕಿಗೆ ಸೇರಿದ್ದರೂ ಕೃಷ್ಣರಾಜನಗರಕ್ಕೂ ಪಿರಿಯಾಪಟ್ಟಣಕ್ಕೂ ನೆರೆಮನೆಯಂತಿದೆ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿಯೇ. ರುದ್ರಪಟ್ಟಣಂ ಸಹೋದರರ ಬೇರೂ ಅಲ್ಲಿಯದೇ. ಇವರ ಸಂಕೇತಿ ಸಮುದಾಯದ ಮನೆತನಗಳ ಸಂಗೀತದ ನಂಟು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೂ ಉಂಟು. ಮೂರನೆಯದು ಮಲೆಯ ಮಹದೇಶ್ವರ ಮತ್ತು ಮಂಟೇಸ್ವಾಮಿಯರ ಕಥನ ಹಾಡುವ ಕಂಸಾಳೆಯವರ, ನೀಲಗಾರರ ಮುದ್ರಣಗಳು. ನಾಲ್ಕನೆಯದು ಬೈಲಕುಪ್ಪೆಯ ಮತ್ತು ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ಮಠಗಳ ಮಂತ್ರಪಠಣ. ಗಂಟಲಿನ ತಳದಿಂದ ಏಳುವ ಬಹುಸ್ವರದ ಪಠಣಕ್ಕೆ ಹೆಸರಾದ ಗ್ಯುಮೆ ತಾಂತ್ರಿಕ ಮಠ ಇರುವುದು ಈ ಗುರುಪುರದಲ್ಲಿಯೇ. ಐದನೆಯದು ಎಲ್ಲಕ್ಕಿಂತ ಅಪರೂಪದ್ದು, ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾದದ್ದು. ಊರಿನ ಪೌರಾಣಿಕ ನಾಟಕ, ಜಾತ್ರೆಯ ಭಜನೆ, ಮದುವೆಯ ಸೋಬಾನೆ, ಆದಿವಾಸಿ ಹಾಡಿಯ ಹಿರಿಯರ ಪದ ಇವನ್ನು ಯಾರೋ ಮುದ್ರಿಸಿ, ಖಾಲಿ ಸಿ.ಡಿ.ಗೆ ಬರ್ನ್ ಮಾಡಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದು ಕೊಟ್ಟದ್ದು.

ಇಲ್ಲಿ ಏಳುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತು. ಎಲ್ಲ ಹಾಡೂ ಯೂಟ್ಯೂಬಿನಲ್ಲಿದೆ, ತಿಂಗಳಿಗಿಷ್ಟು ಕೊಟ್ಟರೆ ಆಪ್‌ನಲ್ಲಿ ಸಿಗುತ್ತದೆ, ಇಷ್ಟು ಕಷ್ಟ ಯಾಕೆ? ಜನಪ್ರಿಯ ಸಿನಿಮಾ ಹಾಡಿನ ಮಟ್ಟಿಗೆ ಈ ಮಾತು ಬಹುತೇಕ ನಿಜ, ಅದನ್ನು ಒಪ್ಪಬೇಕು. ಆದರೆ ಆಪ್‌ನಲ್ಲಿರುವುದು ನಮ್ಮದಲ್ಲ. ಲಕ್ಷಾಂತರ ಮೊಬೈಲುಗಳಲ್ಲಿದ್ದ ವಿಂಕ್ ಮ್ಯೂಸಿಕ್ 2024ರಲ್ಲಿ ಬಾಗಿಲು ಹಾಕಿತು. ಅಲ್ಲಿ ಜನ ಕೂಡಿಸಿಕೊಂಡಿದ್ದ ಪಟ್ಟಿಗಳ ನೆಲೆಯೂ ಅದರೊಡನೆ ಹೋಯಿತು. ಕಂಪನಿ ಕಂಪನಿಗಳ ನಡುವಿನ ಒಪ್ಪಂದ ಮುಗಿದರೆ ನಿನ್ನೆ ಕೇಳಿದ ಹಾಡು ಇಂದು ಪಟ್ಟಿಯಲ್ಲಿ ಕಾಣುವುದಿಲ್ಲ. ಅದೇ ಹೆಸರಿನ ಹಾಡು ಸಿಕ್ಕರೂ ಅದು ಬೇರೆ ವರ್ಷದ, ಬೇರೆ ಪಕ್ಕವಾದ್ಯದ ಮುದ್ರಣವಾಗಿರಬಹುದು. ಕಛೇರಿ ಸಂಗೀತದಲ್ಲಿ ಈ ವ್ಯತ್ಯಾಸವೇ ಮುಖ್ಯ. ಐದನೆಯ ಬಗೆಯ ಸಿ.ಡಿ.ಗಳಂತೂ ಯಾವ ಆಪ್‌ಗೂ ಹೋಗಿಲ್ಲ, ಹೋಗುವುದೂ ಇಲ್ಲ. ಅತ್ತ ಸಿ.ಡಿ. ಓದುವ ಯಂತ್ರ ಮನೆಯಿಂದ ಮರೆಯಾಗುತ್ತಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ, ಹೊಸ ಕಾರುಗಳಲ್ಲಿ ಸಿ.ಡಿ. ಪ್ಲೇಯರ್ ಇಲ್ಲ. ಇತ್ತ ತಟ್ಟೆಯೂ ಸವೆಯುತ್ತಿದೆ. ಬರ್ನ್ ಮಾಡಿದ ಸಿ.ಡಿ.ಯಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಕಾವು, ತೇವಕ್ಕೆ ಅದು ಮಾಸುತ್ತದೆ. ಅಂಗಡಿಯ ಸಿ.ಡಿ.ಯ ಅಲ್ಯುಮಿನಿಯಂ ಪದರವನ್ನು ಕಾಯುವುದು ಹೆಸರು ಅಚ್ಚಾದ ಬದಿಯ ತೆಳು ವಾರ್ನಿಷ್ ಮಾತ್ರ. ಆದ್ದರಿಂದ ಹೊಳೆಯುವ ಬದಿಯ ಗೀರಿಗಿಂತ ಲೇಬಲ್ ಬದಿಯ ಗೀರು ಹೆಚ್ಚು ಅಪಾಯಕಾರಿ. ಕಬಿನಿ ಹಿನ್ನೀರಿನ ಅಂಚಿನ ಮಳೆಗಾಲದ ತೇವದಲ್ಲಿ ಹತ್ತಾರು ವರ್ಷ ಇದ್ದ ತಟ್ಟೆ ಇನ್ನೂ ಹತ್ತು ವರ್ಷ ತಾಳುತ್ತದೆಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಫೋಟೊ ತುಂಬಿದ ಸಿ.ಡಿ.ಯನ್ನು ಕಾಪಿ ಮಾಡಿದಂತೆ ಹಾಡಿನ ಸಿ.ಡಿ.ಯನ್ನೂ ಎಳೆದು ಫೋಲ್ಡರಿಗೆ ಹಾಕಿದರೆ ಸಾಲದೇ? ಸಾಲದು. ಹಾಡಿನ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ, ಎಡ-ಬಲ ಎರಡು ವಾಹಿನಿಗೂ ಬರೆದಿರುತ್ತದೆ. ಒಂದು ಸೆಕೆಂಡಿಗೆ 75 ತುಣುಕು, ಒಂದೊಂದರಲ್ಲಿ 2,352 ಬೈಟ್. ಕಂಪ್ಯೂಟರ್ ಕಡತಗಳ ಸಿ.ಡಿ.ಯಲ್ಲಿಯೂ ತುಣುಕಿನ ಅಳತೆ ಇಷ್ಟೇ, ಆದರೆ ಅಲ್ಲಿ ಕಡತಕ್ಕೆ ಸಿಗುವುದು 2,048 ಬೈಟ್. ಉಳಿದ 304 ಬೈಟ್ ಜಾಗದ ಗುರುತಿಗೂ ತಪ್ಪು ಹಿಡಿದು ತಿದ್ದುವುದಕ್ಕೂ ಮೀಸಲು. ಹಾಡಿನ ಸಿ.ಡಿ.ಗೆ ಈ ಎರಡನೆಯ ಕಾವಲಿಲ್ಲ. ಅದಕ್ಕಿರುವ ಮೊದಲ ಹಂತದ ತಿದ್ದುಪಡಿ ವ್ಯವಸ್ಥೆ ಎರಡೂವರೆ ಮಿಲಿಮೀಟರಿನಷ್ಟು ಉದ್ದದ ಹಾಳನ್ನು ಸರಿಪಡಿಸಬಲ್ಲುದು. ಅದನ್ನು ಮೀರಿದರೆ ಡ್ರೈವ್ ಹಿಂದಿನ ಮುಂದಿನ ಧ್ವನಿಯನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕೇಳುವಾಗ ಇದು ಉಪಕಾರವೇ, ಹಾಡು ನಿಲ್ಲದೆ ಸಾಗುತ್ತದೆ. ಕಾಪಿಡುವವರಿಗೆ ಇದೇ ಅಪಾಯ. ಊಹೆ ಎಲ್ಲಿ ಸೇರಿತೆಂದು ಯಾರಿಗೂ ತಿಳಿಯದೆ ಅದು ಕಡತದೊಳಗೆ ಶಾಶ್ವತವಾಗಿ ಕುಳಿತುಬಿಡುತ್ತದೆ. ತಟ್ಟೆ ಸತ್ತ ಮೇಲೆ ಆ ತಪ್ಪನ್ನು ತಿದ್ದಲು ಯಾವ ದಾರಿಯೂ ಇಲ್ಲ. ತಿದ್ದಲಾಗದ ಮೊದಲ ತೀರ್ಮಾನ ಇದು. ಸಾಫ್ಟ್‌ವೇರಿನ ಆಯ್ಕೆಗೆ ತೂಕ ಬರುವುದು ಇಲ್ಲಿ, ಅದರ ಅಂದಚೆಂದದಿಂದಲ್ಲ.

ಈ ಕೆಲಸದ ಸಾಫ್ಟ್‌ವೇರ್‌ಗಳನ್ನು ಎರಡು ಗುಂಪು ಮಾಡಬಹುದು. ಒಂದು ಗುಂಪು ತಟ್ಟೆಯನ್ನು ಒಮ್ಮೆ ಸರಸರನೆ ಓದಿ, ಡ್ರೈವ್ ಕೊಟ್ಟದ್ದನ್ನು ನಂಬಿ, ಕಡತ ಮಾಡಿ ಮುಗಿಸುತ್ತದೆ. ವಿಂಡೋಸ್ ಮೀಡಿಯಾ ಪ್ಲೇಯರ್, ಐಟ್ಯೂನ್ಸ್‌ನಂಥ ಎಲ್ಲರ ಕೈಗೆ ಸಿಗುವ ಸಾಧನಗಳು ಹೆಚ್ಚುಕಡಿಮೆ ಈ ಜಾತಿಯವು. ಐಟ್ಯೂನ್ಸ್‌ನಲ್ಲಿ ದೋಷ ತಿದ್ದುವ ಒಂದು ಆಯ್ಕೆ ಇದೆಯಾದರೂ ಕೆಲಸ ಹೇಗಾಯಿತೆಂಬ ವರದಿಯನ್ನು ಅದು ಕೊಡುವುದಿಲ್ಲ. ಇನ್ನೊಂದು ಗುಂಪು ಅನುಮಾನದಿಂದ ಓದುತ್ತದೆ. ಜರ್ಮನಿಯ ಆಂಡ್ರೆ ವೀಥಾಫ್ 1998ರಲ್ಲಿ ಹೊರತಂದ ಎಕ್ಸಾಕ್ಟ್ ಆಡಿಯೋ ಕಾಪಿ ಇವುಗಳಲ್ಲಿ ಹೆಸರಾದದ್ದು. ಪ್ರತಿ ತುಣುಕನ್ನೂ ಕನಿಷ್ಠ ಎರಡು ಸಲ ಓದಿ ಹೋಲಿಸುತ್ತದೆ. ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ಕೊನೆಗೂ ಆಗದಿದ್ದರೆ ಯಾವ ಹಾಡಿನ ಎಷ್ಟನೆಯ ನಿಮಿಷದಲ್ಲಿ ಸಂಶಯವಿದೆಯೆಂದು ಬರೆದು ಕೊಡುತ್ತದೆ. ಇದು ಉಚಿತ, ವಿಂಡೋಸ್‌ಗೆ ಮಾತ್ರ. ಅದೇ ವಿಂಡೋಸ್‌ನಲ್ಲಿ ಹಣ ಕೊಟ್ಟು ಕೊಳ್ಳುವ ಡಿಬಿ ಪವರ್‌ಆಂಪ್ ಬಳಸಲು ಹೆಚ್ಚು ಸುಲಭ. ಕ್ಯೂಟೂಲ್ಸ್‌ನ ಜೊತೆ ಬರುವ ಕ್ಯೂರಿಪ್ಪರ್ ಉಚಿತ ಮತ್ತು ಸರಳ. ಮ್ಯಾಕ್ ಬಳಸುವವರಿಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ನವರಿಗೆ ವಿಪ್ಪರ್ ಇದೆ. ವಿಪ್ಪರ್‌ನ ಅಡಿಪಾಯ ಸಿಡಿ ಪ್ಯಾರನೋಯಾ ಎಂಬ ಹಳೆಯ, ನಂಬಿಕೆಯ ಉಪಕರಣ. ಈ ಎರಡನೆಯ ಗುಂಪಿನಲ್ಲಿ ಯಾವುದನ್ನು ಹಿಡಿದರೂ ಬರುವ ಧ್ವನಿ ಒಂದೇ. ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕಿಂತ ಇಂಪಾಗಿ ಕೇಳುತ್ತದೆಂಬ ಮಾತಿಗೆ ಆಧಾರವಿಲ್ಲ. ತಪ್ಪಿಲ್ಲದೆ ಓದಿದ ಮೇಲೆ ಸಂಖ್ಯೆಗಳು ಅವೇ. ನಮ್ಮಲ್ಲಿರುವ ಕಂಪ್ಯೂಟರಿಗೆ ಹೊಂದುವುದನ್ನು ಆರಿಸಿ, ಜೊತೆಗೆ ಯುಎಸ್‌ಬಿಗೆ ಸಿಕ್ಕಿಸುವ ಒಂದು ಡಿವಿಡಿ ರೈಟರ್ ಇಟ್ಟುಕೊಂಡರೆ ಸಾಕು.

ಆದರೆ ಕನ್ನಡದ ಸಿ.ಡಿ.ಗಳಿಗೆ ಒಂದು ವಿಶೇಷ ತೊಡಕು ಉಂಟು, ಅದನ್ನು ಪಾಶ್ಚಾತ್ಯ ಸಂಗೀತ ಸಂಗ್ರಹಿಸುವವರಿಗೆಂದು ಬರೆದ ಮಾರ್ಗದರ್ಶಿಗಳು ಹೇಳುವುದಿಲ್ಲ. ಈ ಸಾಫ್ಟ್‌ವೇರ್‌ಗಳ ದೊಡ್ಡ ಬಲ ಅಕ್ಯುರೇಟ್‌ರಿಪ್ ಎಂಬ ಹೋಲಿಕೆಯ ಭಂಡಾರ. ನೀವು ಓದಿದ ಹಾಡಿನ ಲೆಕ್ಕದ ಮೊತ್ತವನ್ನು, ಅದೇ ಸಿ.ಡಿ.ಯನ್ನು ಬೇರೆ ಊರಿನಲ್ಲಿ ಬೇರೆ ಡ್ರೈವ್‌ನಲ್ಲಿ ಓದಿದವರ ಮೊತ್ತದೊಂದಿಗೆ ಅದು ತಾಳೆ ನೋಡುತ್ತದೆ. ಹತ್ತು ಜನರದು ನಿಮ್ಮದಕ್ಕೆ ಕೂಡಿದರೆ ಅನುಮಾನಕ್ಕೆ ಎಡೆಯಿಲ್ಲ. ಕ್ಯೂಟೂಲ್ಸ್‌ನ ಭಂಡಾರವಂತೂ ಚಿಕ್ಕಪುಟ್ಟ ಹಾನಿಯನ್ನು ತಿದ್ದಿಕೊಡುವಷ್ಟು ಮಾಹಿತಿಯನ್ನೂ ಇಟ್ಟಿರುತ್ತದೆ. ಇಂಗ್ಲಿಷ್ ಆಲ್ಬಂಗಳಿಗೆ ಈ ಸೌಲಭ್ಯ ಸಲೀಸಾಗಿ ಒದಗುತ್ತದೆ. ಕಂಸಾಳೆಯ ಪದಗಳ ಸಿ.ಡಿ.ಗೋ, ಊರಿನ ನಾಟಕದ ತಟ್ಟೆಗೋ ಅಲ್ಲಿ ಜೊತೆ ಸಿಗುವುದಿಲ್ಲ. ಹಾಗೆಂದು ಪರೀಕ್ಷೆಯನ್ನೇ ಬಿಡಬೇಕಿಲ್ಲ. ಹಾಡನ್ನು ಮೊದಲು ಪರೀಕ್ಷೆಗಾಗಿ ಒಮ್ಮೆ, ಮತ್ತೆ ಕಡತಕ್ಕಾಗಿ ಒಮ್ಮೆ ಓದಿಸಿ ಎರಡರ ಮೊತ್ತವೂ ಒಂದೇ ಬಂತೇ ಎಂದು ನೋಡುವ ವ್ಯವಸ್ಥೆ ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿಯೇ ಇದೆ. ತೀರ ಮುಖ್ಯವಾದ ತಟ್ಟೆಯಾದರೆ ಎರಡನೆಯ ಓದನ್ನು ಇನ್ನೊಂದು ಡ್ರೈವ್‌ನಲ್ಲಿ ಮಾಡಿಸಬೇಕು, ಏಕೆಂದರೆ ಒಂದೇ ಡ್ರೈವ್ ಒಂದೇ ತಪ್ಪನ್ನು ಎರಡು ಸಲ ಮಾಡಬಹುದು. ಒಂದು ಡ್ರೈವ್ ತಿರಸ್ಕರಿಸಿದ ಸಿ.ಡಿ.ಯನ್ನು ಮತ್ತೊಂದು ಓದಿಬಿಡುವುದೂ ಉಂಟು. ಒಳ್ಳೆಯ ತಟ್ಟೆಗೆ ಹತ್ತು ನಿಮಿಷ, ಹಾಳಾದದ್ದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಕೆಲಸದ ವರದಿಯ ಕಡತವನ್ನು ಹಾಡಿನ ಜೊತೆಯಲ್ಲೇ ಇಡಬೇಕು. ಮುಂದಿನವರು ಇದನ್ನು ಎಷ್ಟು ನಂಬಬಹುದೆಂದು ಹೇಳುವ ಸಾಕ್ಷಿ ಅದೊಂದೇ.

ಈಗ ಫಾರ್ಮ್ಯಾಟ್‌ಗೆ ಬರೋಣ. ಲೆಕ್ಕ ಸರಳವಾಗಿದೆ. ಒಂದು ಗಂಟೆಯ ಸಿ.ಡಿ. ಸಂಗೀತ ಇದ್ದಂತೆ ಇಟ್ಟರೆ ಸುಮಾರು 635 ಎಂಬಿ. ಅದನ್ನೇ 320 ಕಿಲೋಬಿಟ್‌ನ ಎಂಪಿ3 ಮಾಡಿದರೆ 144 ಎಂಬಿ, 128 ಕಿಲೋಬಿಟ್‌ಗೆ ಇಳಿಸಿದರೆ 58 ಎಂಬಿಗೂ ಕಡಿಮೆ. ಉಳಿದದ್ದು ಎಲ್ಲಿ ಹೋಯಿತು? ಮನುಷ್ಯನ ಕಿವಿ ಗಮನಿಸದು ಎಂದು ಲೆಕ್ಕ ಹಾಕಿದ ಭಾಗವನ್ನು ಎಂಪಿ3 ಕತ್ತರಿಸಿ ಎಸೆದಿರುತ್ತದೆ. ಎಸೆದದ್ದು ಮರಳಿ ಬರುವುದಿಲ್ಲ. ಫ್ಲಾಕ್ ಮಾಡುವುದು ಬೇರೆಯದೇ ಕೆಲಸ. 2001ರಲ್ಲಿ ಜೋಶ್ ಕೋಲ್ಸನ್ ಮೊದಲ ಆವೃತ್ತಿ ಹೊರತಂದ ಈ ಮುಕ್ತ ಫಾರ್ಮ್ಯಾಟ್ ಏನನ್ನೂ ಎಸೆಯದೆ ಒತ್ತಿ ಮಡಿಸಿಡುತ್ತದೆ, ಬಿಚ್ಚಿದರೆ ಸಿ.ಡಿ.ಯಲ್ಲಿದ್ದ ಸಂಖ್ಯೆಗಳೇ ಒಂದೂ ತಪ್ಪದೆ ಸಿಗುತ್ತವೆ. ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರರಲ್ಲಿ ಎರಡು ಪಾಲಿನಷ್ಟು ಜಾಗ ಹಿಡಿಯುತ್ತದೆ. ಒಂದು ಸಿ.ಡಿ.ಗೆ 350 ಎಂಬಿ ಎಂದುಕೊಂಡರೂ 300 ಸಿ.ಡಿ.ಗಳ ಮನೆಯ ಸಂಗ್ರಹಕ್ಕೆ 105 ಜಿಬಿ ಬೇಕು. ಅಂಗಡಿಯಲ್ಲಿ ಸಿಗುವ ಒಂದು ಟೆರಾಬೈಟ್ ಹಾರ್ಡ್‌ಡಿಸ್ಕ್‌ನ ಹತ್ತರಲ್ಲೊಂದು ಪಾಲು ಅಷ್ಟೆ. ಜಾಗ ಉಳಿಸಲೆಂದು ಎಂಪಿ3 ಮಾಡುವ ವಾದ ಡಿಸ್ಕ್ ದುಬಾರಿಯಾಗಿದ್ದ ಕಾಲದ್ದು; ಇಂದು ಅದಕ್ಕೆ ಆಧಾರವಿಲ್ಲ.

ಎರಡನೆಯ ಆಕ್ಷೇಪಕ್ಕೆ ಇನ್ನೂ ಹೆಚ್ಚು ಬಲವಿದೆ. ಒಳ್ಳೆಯ ಎನ್‌ಕೋಡರಿನಲ್ಲಿ 320 ಕಿಲೋಬಿಟ್‌ಗೆ ಮಾಡಿದ ಎಂಪಿ3ಗೂ ಸಿ.ಡಿ.ಗೂ ಇರುವ ವ್ಯತ್ಯಾಸವನ್ನು ಕಣ್ಣು ಕಟ್ಟಿ ಕೇಳಿಸಿದರೆ ಹೆಚ್ಚಿನವರು ಹೇಳಲಾರರು, ಹಾಗಿದ್ದ ಮೇಲೆ ಫ್ಲಾಕ್ ಬರೀ ಪ್ರತಿಷ್ಠೆಯಲ್ಲವೇ ಎಂದು ಕೇಳುತ್ತಾರೆ. ಕಿವಿಯ ಬಗೆಗಿನ ಮಾತನ್ನು ಒಪ್ಪೋಣ. 128 ಕಿಲೋಬಿಟ್‌ನಲ್ಲಿ ಕಂಸಾಳೆಯ ಲೋಹದ ಘಾತ ಕಲಸಿದಂತಾಗುವುದು, ತಂಬೂರಿಯ ಜೀರು ಮಂಕಾಗುವುದು ಕಿವಿಗೊಟ್ಟರೆ ಕೇಳುತ್ತದೆ. ತಾಳ, ಗೆಜ್ಜೆ, ಚಪ್ಪಾಳೆಯಂಥ ಚುರುಕು ಶಬ್ದಗಳು ಕಡಿಮೆ ಬಿಟ್‌ರೇಟಿಗೆ ಸಹಜವಾಗಿಯೇ ಕಷ್ಟ. 320ರಲ್ಲಿ ಅದು ಬಹುಮಟ್ಟಿಗೆ ಮರೆಯಾಗುತ್ತದೆ. ಆದರೆ ಫ್ಲಾಕ್‌ನ ಪರವಾದ ವಾದ ಇಂದಿನ ಕಿವಿಯನ್ನು ನೆಚ್ಚಿಲ್ಲ. ನಾಳೆ ಮೊಬೈಲಿಗೆ ಇನ್ನೊಂದು ಫಾರ್ಮ್ಯಾಟ್ ಬೇಕಾದಾಗ, ಹಳೆಯ ಮುದ್ರಣದ ಗೊರಗೊರ ಸದ್ದು ತೆಗೆಯಬೇಕಾದಾಗ, ಎಂಪಿ3ಯನ್ನು ಮತ್ತೆ ಪರಿವರ್ತಿಸಿದರೆ ಕತ್ತರಿಸಿದ್ದರ ಮೇಲೆ ಇನ್ನೊಂದು ಕತ್ತರಿ ಬೀಳುತ್ತದೆ. ಫ್ಲಾಕ್ ಇದ್ದರೆ ಪ್ರತಿ ಸಲವೂ ಮೂಲದಿಂದಲೇ ಹೊರಡಬಹುದು. 2012ರಲ್ಲಿ ಅಂತರ್ಜಾಲದ ಮಾನಕವಾಗಿ ಪ್ರಕಟವಾದ ಓಪಸ್ ಅರ್ಧ ಗಾತ್ರದಲ್ಲೇ ಎಂಪಿ3ಯಷ್ಟು ಚೆನ್ನಾಗಿ ಕೇಳಿಸಬಲ್ಲುದು. ಅದು ಬರುವ ಮೊದಲೇ ಮೂಲವನ್ನು ಎಂಪಿ3 ಮಾಡಿ ಮುಗಿಸಿದ್ದವರಿಗೆ ಅದರ ಲಾಭ ಪೂರ್ತಿ ದಕ್ಕಲಿಲ್ಲ. ಬಿತ್ತನೆಯ ಭತ್ತ ಇಟ್ಟವರಿಗೆ ಹೊಸ ಮಿಲ್ಲು ಬಂದಾಗ ಸಂತೋಷ. ಅಕ್ಕಿ ಮಾತ್ರ ಉಳಿಸಿಕೊಂಡವರಿಗೆ ಅದರಿಂದ ಏನೂ ಇಲ್ಲ.

ಏನನ್ನೂ ಕಳೆಯದ ಫಾರ್ಮ್ಯಾಟ್‌ಗಳಲ್ಲಿ ಫ್ಲಾಕ್ ಒಂದೇ ಅಲ್ಲ. ವೇವ್ ಹಳೆಯದು, ಎಲ್ಲೆಡೆ ತೆರೆಯುತ್ತದೆ. ಧ್ವನಿ ಭಂಡಾರಗಳ ವೃತ್ತಿಪರರು ಅದನ್ನೇ ಬಳಸುವುದರಿಂದ ಅದೇ ಉತ್ತಮವೆಂದು ವಾದಿಸುವವರಿದ್ದಾರೆ. ದೊಡ್ಡ ಸಂಸ್ಥೆಗಳಿಗೆ ಕಡತದ ಹೊರಗೆ ಪಟ್ಟಿ, ಪರೀಕ್ಷೆ ಎಲ್ಲಕ್ಕೂ ಬೇರೆ ವ್ಯವಸ್ಥೆ ಇರುತ್ತದೆ. ಮನೆಯವರಿಗೆ ಅದಿಲ್ಲ. ವೇವ್‌ನಲ್ಲಿ ಹಾಡಿನ ವಿವರ ಬರೆಯುವ ವ್ಯವಸ್ಥೆ ದುರ್ಬಲ, ಕಡತ ಕೆಟ್ಟರೆ ತಾನೇ ಹೇಳುವುದೂ ಇಲ್ಲ. ಫ್ಲಾಕ್ ಕಡತದೊಳಗೆ ಧ್ವನಿಯ ಲೆಕ್ಕದ ಮುದ್ರೆ ಇರುತ್ತದೆ. ಹತ್ತು ವರ್ಷದ ಮೇಲೆ ಒಂದು ಆದೇಶ ಕೊಟ್ಟು ಎಲ್ಲ ಕಡತಗಳೂ ನೆಟ್ಟಗಿವೆಯೇ ಎಂದು ಪರೀಕ್ಷಿಸಿಕೊಳ್ಳಬಹುದು. 2024ರ ಡಿಸೆಂಬರಿನಲ್ಲಿ ಅಂತರ್ಜಾಲದ ಮಾನಕಗಳನ್ನು ರೂಪಿಸುವ ಮಂಡಳಿ ಫ್ಲಾಕ್ ಅನ್ನು ಅಧಿಕೃತ ದಾಖಲೆಯಾಗಿ ಪ್ರಕಟಿಸಿದೆ, ಹೀಗಾಗಿ ಒಂದು ಕಂಪನಿ ಮುಚ್ಚಿದರೆ ಅದನ್ನು ಓದುವವರಿಲ್ಲವಾಗುವ ಭಯವಿಲ್ಲ. ಆ್ಯಪಲ್ 2004ರಲ್ಲಿ ತಂದು 2011ರಲ್ಲಿ ಮುಕ್ತಗೊಳಿಸಿದ ಅಲಾಕ್ ಕೂಡ ಕಳೆಯದ ಜಾತಿಯದೇ; ಮನೆಯಲ್ಲಿ ಎಲ್ಲರೂ ಐಫೋನಿನವರೇ ಆದರೆ ಅದನ್ನು ಆರಿಸಿದರೂ ನಷ್ಟವಿಲ್ಲ, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಏನೂ ಕಳೆಯದೆ ಹೋಗಬಹುದು. ಇದು ತಿದ್ದಿಕೊಳ್ಳಬಹುದಾದ ತೀರ್ಮಾನ. ಇನ್ನು ಸಿ.ಡಿ.ಯನ್ನು 24 ಬಿಟ್‌ಗೆ, 96 ಕಿಲೋಹರ್ಟ್ಸ್‌ಗೆ ಏರಿಸುವುದರಿಂದ ಕಡತ ಊದುತ್ತದೆಯೇ ಹೊರತು ಮೂಲದಲ್ಲಿಲ್ಲದ್ದು ಹುಟ್ಟುವುದಿಲ್ಲ. ಆ ಅಳತೆ ಬೇಕಾಗುವುದು ಕ್ಯಾಸೆಟ್, ಸ್ಪೂಲ್ ಟೇಪುಗಳಿಂದ ಇಳಿಸುವಾಗ. ಹಾಗೆಯೇ ನೂರೈವತ್ತು ಹಾಡು ತುಂಬಿದ ಎಂಪಿ3 ಸಿ.ಡಿ.ಗಳನ್ನು ಫ್ಲಾಕ್ ಮಾಡುವುದು ವ್ಯರ್ಥ. ಅವು ಆಗಲೇ ಅಕ್ಕಿ. ಇದ್ದ ಕಡತಗಳನ್ನು ಇದ್ದಂತೆಯೇ ಕಾಪಿ ಮಾಡಿಕೊಂಡರೆ ಆಯಿತು.

ನಮ್ಮ ಸಂಗೀತಕ್ಕೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಅಂಶ ಹಾಡು ಹಾಡುಗಳ ನಡುವಿನ ಸಂದು. ಸಿನಿಮಾ ಹಾಡುಗಳ ನಡುವೆ ಮೌನವಿರುತ್ತದೆ. ಕಛೇರಿಯ ಸಿ.ಡಿ.ಯಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು, ತನಿ ಆವರ್ತನ ಮತ್ತೊಂದು ಎಂದು ಗುರುತು ಹಾಕಿದ್ದರೂ ಧ್ವನಿ ಎಲ್ಲೂ ಕಡಿಯದೆ ಹರಿಯುತ್ತದೆ. ಮಹದೇಶ್ವರನ ಕಥನವೂ ಹಾಗೆಯೇ, ಗುರುಪುರದ ಮಠದ ಪಠಣವೂ ಹಾಗೆಯೇ. ಎಂಪಿ3 ತನ್ನ ರಚನೆಯಿಂದಾಗಿಯೇ ಪ್ರತಿ ಕಡತದ ತಲೆ-ಬಾಲಗಳಿಗೆ ಚೂರು ಮೌನ ಸೇರಿಸುತ್ತದೆ. ಒಳ್ಳೆಯ ಪ್ಲೇಯರ್ ಅದನ್ನು ದಾಟಿಸಬಲ್ಲುದು. ಕಾರಿನ ಸ್ಟೀರಿಯೋ ಅನೇಕ ಸಲ ದಾಟಿಸುವುದಿಲ್ಲ. ಮೃದಂಗದವರು ತೀರ್ಮಾನಕ್ಕೆ ಬರುವ ಹೊತ್ತಿಗೆ ಸರಿಯಾಗಿ ಒಂದು ಮುಗ್ಗರಿಕೆ ಕೇಳಿದರೆ ಲಯವೇ ಕೆಟ್ಟಿತು. ಫ್ಲಾಕ್‌ನಲ್ಲಿ ಕತ್ತರಿಸಿದ ಜಾಗ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಟ್ರ್ಯಾಕ್‌ಗಳ ನಡುವಿನ ಅಂತರವನ್ನು ಹಿಂದಿನ ಟ್ರ್ಯಾಕಿಗೆ ಸೇರಿಸುವ ಆಯ್ಕೆ ಇಟ್ಟು, ಇಡೀ ಸಿ.ಡಿ.ಯ ನಕ್ಷೆಯಂತಿರುವ ಕ್ಯೂ ಕಡತವನ್ನೂ ಉಳಿಸಿಕೊಂಡರೆ ಮುಂದೊಂದು ದಿನ ಮೂಲದಂಥದೇ ತಟ್ಟೆಯನ್ನು ಮತ್ತೆ ಮಾಡಲೂಬಹುದು.

ಇಷ್ಟು ಮಾಡಿದ ಮೇಲೂ ಕೈಯಲ್ಲಿರುವುದು ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂಬ ಹೆಸರಿಲ್ಲದ ಧ್ವನಿ. ಹಾಡಿನ ಸಿ.ಡಿ.ಯೊಳಗೆ ಸಾಮಾನ್ಯವಾಗಿ ಹೆಸರುಗಳು ಇರುವುದಿಲ್ಲ. ಕಂಪ್ಯೂಟರ್ ತೋರಿಸುವ ಹೆಸರು ಬರುವುದು ಅಂತರ್ಜಾಲದ ಪಟ್ಟಿಗಳಿಂದ. ಹಲವು ವರ್ಷ ಸೇವೆ ಕೊಟ್ಟ ಫ್ರೀಡಿಬಿ 2020ರಲ್ಲಿ ನಿಂತುಹೋಯಿತು. ಈಗ ನೆಚ್ಚಬಹುದಾದದ್ದು ಮ್ಯೂಸಿಕ್‌ಬ್ರೈನ್ಜ್ ಮತ್ತು ಅದರ ಜೊತೆಗಾರ ಸಾಫ್ಟ್‌ವೇರ್ ಪಿಕಾರ್ಡ್. ಆದರೆ ಈ ವ್ಯವಸ್ಥೆಗಳೆಲ್ಲ ಹುಟ್ಟಿದ್ದು ಕಲಾವಿದ, ಆಲ್ಬಂ, ಹಾಡು ಎಂಬ ಮೂರು ಕಾಲಂಗಳಲ್ಲಿ ಎಲ್ಲವೂ ಮುಗಿಯುವ ಸಂಗೀತಕ್ಕೆ. ಭಾವಗೀತೆಗೆ ಮೂವರು ಒಡೆಯರು: ಕವಿ, ರಾಗ ಸಂಯೋಜಕ, ಗಾಯಕ. ‘ನಿತ್ಯೋತ್ಸವ’ದ ಮುಂದೆ ಅನಂತಸ್ವಾಮಿಯವರ ಹೆಸರು ಮಾತ್ರ ಬರೆದು ಕೆ.ಎಸ್. ನಿಸಾರ್ ಅಹಮದ್ ಅವರನ್ನು ಬಿಟ್ಟರೆ ಅದು ಅರ್ಧ ದಾಖಲೆ. ಮೈಸೂರು ವಾಸುದೇವಾಚಾರ್ಯರ ಕೃತಿಯನ್ನು ಶ್ರೀಕಂಠನ್ ಹಾಡಿದ್ದರೆ ವಾಗ್ಗೇಯಕಾರ, ರಾಗ, ತಾಳ, ಪಿಟೀಲು, ಮೃದಂಗ ಎಲ್ಲಕ್ಕೂ ಜಾಗ ಬೇಕು. ನೀಲಗಾರರ ಪದಕ್ಕೆ ಹಾಡಿದವರ ಊರು, ಗುರುಪರಂಪರೆ, ಕಥೆಯ ಯಾವ ಸಾಲು ಎಂಬುದು ಬೇಕು. ಫ್ಲಾಕ್ ಇಲ್ಲಿಯೂ ನೆರವಾಗುತ್ತದೆ. ಅದರ ಟ್ಯಾಗ್‌ಗಳಿಗೆ ನಿಗದಿಯಾದ ಪಟ್ಟಿ ಇಲ್ಲ. ರಾಗ, ತಾಳ, ಸಾಹಿತ್ಯ, ಊರು ಎಂದು ನಮಗೆ ಬೇಕಾದ ಕಾಲಂಗಳನ್ನು ನಾವೇ ಮಾಡಿಕೊಳ್ಳಬಹುದು. ಕಾಲಂನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬೇಕು. ಒಳಗಿನ ವಿವರ ಕನ್ನಡದಲ್ಲಿ ಎಷ್ಟುದ್ದವಾದರೂ ಇರಬಹುದು.

ಕನ್ನಡದಲ್ಲೇ ಬರೆಯಬೇಕೇ ಎಂಬುದು ಮುಂದಿನ ಪ್ರಶ್ನೆ. ಇಂಗ್ಲಿಷಿನಲ್ಲಿ ತೋಡಿ ರಾಗವನ್ನು ಒಬ್ಬರು ಎಚ್ ಸೇರಿಸಿ, ಇನ್ನೊಬ್ಬರು ಬಿಟ್ಟು ಬರೆಯುತ್ತಾರೆ. ಹುಡುಕಿದಾಗ ಅರ್ಧ ಸಂಗ್ರಹ ಮರೆಯಾಗುತ್ತದೆ. ಕನ್ನಡದಲ್ಲಿ ತೋಡಿ ಒಂದೇ ಬಗೆ. ಖಮಾಚ್, ಕಮಾಚ್ ಎಂಬಂಥ ಕೆಲವು ಗೊಂದಲಗಳು ಉಳಿದರೂ ಒಂದು ರೂಪವನ್ನು ಆರಿಸಿ ಕೊನೆಯವರೆಗೂ ಪಾಲಿಸಿದರೆ ಸಾಕು. ಕನ್ನಡ ಲಿಪಿ ಬಳಸಬೇಡಿ, ಎಲ್ಲ ಕೆಡುತ್ತದೆ ಎಂಬ ಹಳೆಯ ಎಚ್ಚರಿಕೆಗೆ ಒಂದು ಕಾಲದಲ್ಲಿ ಕಾರಣವಿತ್ತು. ಅದನ್ನು ‘ಕೃಷ್ಣರಾಜನಗರ’ ಎಂಬ ಪದದಲ್ಲೇ ನೋಡಬಹುದು. ನಮ್ಮ ಕಣ್ಣಿಗೆ ಅದು ಏಳು ಅಕ್ಷರ. ಒತ್ತು, ಕಾಗುಣಿತಗಳನ್ನು ಬಿಡಿಸಿದರೆ ಯೂನಿಕೋಡ್‌ನಲ್ಲಿ 11 ಸಂಕೇತ. ಒಂದೊಂದಕ್ಕೆ ಮೂರರಂತೆ 33 ಬೈಟ್. ಎಂಪಿ3ಯ ಮೊದಲ ಟ್ಯಾಗ್ ಪದ್ಧತಿ ಹಾಡಿನ ಹೆಸರಿಗೆ ಕೊಟ್ಟಿದ್ದ ಜಾಗ 30 ಬೈಟ್. ಊರಿನ ಹೆಸರೇ ಅದರಲ್ಲಿ ಹಿಡಿಸುತ್ತಿರಲಿಲ್ಲ! ಇಂದಿನ ಟ್ಯಾಗ್‌ಗಳಿಗೆ ಈ ಇಕ್ಕಟ್ಟಿಲ್ಲ. ಕಡತದ ಹೆಸರಿಗೆ ಮಾತ್ರ ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ 255 ಬೈಟ್‌ಗಳ ಮಿತಿ ಈಗಲೂ ಇದೆ. ಅಂದರೆ ಸುಮಾರು 85 ಕನ್ನಡ ಸಂಕೇತಗಳು. ಆದ್ದರಿಂದ ಕಡತದ ಹೆಸರು ಚಿಕ್ಕದಿರಲಿ, ವಿವರವೆಲ್ಲ ಟ್ಯಾಗ್‌ನಲ್ಲಿರಲಿ. ಕಾರಿನ ಸ್ಟೀರಿಯೋ ಕನ್ನಡದ ಬದಲು ಚೌಕಗಳನ್ನು ತೋರಿಸಬಹುದು. ಅಂಥ ಕಡೆ ಕೇಳುವ ಪ್ರತಿಯ ಹೆಸರನ್ನು ಇಂಗ್ಲಿಷ್ ಮಾಡಿಕೊಳ್ಳಿ, ಕಾಪಿಡುವ ಪ್ರತಿ ಕನ್ನಡದಲ್ಲೇ ಇರಲಿ. ಬರಹ, ನುಡಿಗಳ ಹಳೆಯ ಫಾಂಟಿನ ಅಕ್ಷರಗಳನ್ನು ಮಾತ್ರ ಎಂದೂ ಬಳಸಬೇಡಿ. ಯೂನಿಕೋಡ್ ಒಂದೇ ದಾರಿ.

ಕಣಜ ತುಂಬಿದರೆ ಸಾಲದು, ಕಾಯಬೇಕು. ಒಂದೇ ಹಾರ್ಡ್‌ಡಿಸ್ಕ್‌ನಲ್ಲಿಟ್ಟ ಸಂಗ್ರಹ ಸಂಗ್ರಹವೇ ಅಲ್ಲ. ಡಿಸ್ಕ್ ಕೈಜಾರಿ ಬಿದ್ದರೆ, ಬರೆಯುತ್ತಿರುವಾಗ ಕರೆಂಟ್ ಹೋದರೆ ಮುನ್ನೂರು ಸಿ.ಡಿ.ಗಳ ದುಡಿಮೆ ಒಂದು ಕ್ಷಣದಲ್ಲಿ ಹೋಗುತ್ತದೆ. ಎರಡು ಡಿಸ್ಕ್‌ಗಳಲ್ಲಿಟ್ಟು ಒಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳ ಮನೆಯಲ್ಲಿಡುವುದು ಕನಿಷ್ಠ ಎಚ್ಚರಿಕೆ. ವರ್ಷಕ್ಕೊಮ್ಮೆ ಎರಡನ್ನೂ ಪರೀಕ್ಷಿಸಬೇಕು. ಸಿ.ಡಿ.ಗಳನ್ನು ಎಸೆಯಬಾರದು, ಒಳಗಿನ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿಡಬೇಕು. ಕಾನೂನಿನ ಮಾತನ್ನೂ ಹೇಳಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, 2012ರ ತಿದ್ದುಪಡಿಯ ನಂತರ, ಖಾಸಗಿ ಮತ್ತು ಸ್ವಂತ ಬಳಕೆಯ ನ್ಯಾಯಯುತ ಉಪಯೋಗವನ್ನು ಧ್ವನಿಮುದ್ರಣಗಳಿಗೂ ಅನ್ವಯಿಸುತ್ತದೆ. ನಮ್ಮ ಸಿ.ಡಿ.ಯನ್ನು ನಮ್ಮ ಬಳಕೆಗೆ ಇಳಿಸಿಕೊಳ್ಳುವುದಕ್ಕೆ ಆಧಾರ ಇದು. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ಆದ್ದರಿಂದ ಇಳಿಸಿದ ಕಡತಗಳನ್ನು ಪೆನ್‌ಡ್ರೈವ್‌ಗೆ ತುಂಬಿ ಹಂಚುವುದು, ಅಂತರ್ಜಾಲಕ್ಕೆ ಏರಿಸುವುದು ತಪ್ಪು. ಊರಿನವರೇ ಹಾಡಿ ಮುದ್ರಿಸಿಕೊಂಡದ್ದಕ್ಕೂ ಹಾಡಿದವರ ಒಪ್ಪಿಗೆ ಕೇಳಬೇಕು. ಹಾಡಿಯ ಹಿರಿಯರ ಪದ ಅವರ ಸೊತ್ತು.

ಇಷ್ಟೆಲ್ಲ ಮಾಡಿ ಕೊನೆಗೆ ಬೀರುವಿನಲ್ಲಿಡುವುದಾದರೆ ಯಾರಿಗೆ ಉಪಯೋಗ ಎಂಬ ಕೊನೆಯ ಆಕ್ಷೇಪಕ್ಕೆ ಒಂದು ಉತ್ತರವಿದೆ. ಹಾಡನ್ನು ಹಂಚುವಂತಿಲ್ಲ, ಹಾಡಿನ ವಿವರವನ್ನು ಧಾರಾಳವಾಗಿ ಹಂಚಬಹುದು. ಮ್ಯೂಸಿಕ್‌ಬ್ರೈನ್ಜ್‌ನ ಮೂಲ ಮಾಹಿತಿಗೆ ಯಾರ ಸ್ವಾಮ್ಯವೂ ಇಲ್ಲ, ಯಾರು ಬೇಕಾದರೂ ಸೇರಿಸಬಹುದು. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಆರಂಭವಾದ ಕಾಂಪ್‌ಮ್ಯೂಸಿಕ್ ಯೋಜನೆಯವರು ಕರ್ನಾಟಕ ಸಂಗೀತದ ಸಿ.ಡಿ.ಗಳನ್ನು ಕೂಡಿಸಿ ಅವುಗಳ ವಿವರವನ್ನು ಅಲ್ಲಿ ದಾಖಲಿಸಿದರು. ಇಂದು ಆ ಪಟ್ಟಿಯಲ್ಲಿ ರಾಗಕ್ಕೂ ತಾಳಕ್ಕೂ ಪ್ರತ್ಯೇಕ ಜಾಗವಿದೆ. ಸ್ಪೇನಿನವರು ನಮ್ಮ ಕಛೇರಿ ಸಂಗೀತಕ್ಕೆ ಮಾಡಿದ್ದನ್ನು ಕಂಸಾಳೆಗೆ, ಭಾವಗೀತೆಗೆ, ಪೌರಾಣಿಕ ನಾಟಕದ ಪದಗಳಿಗೆ ಮಾಡಬೇಕಾದವರು ನಾವೇ. ಅದಕ್ಕೆ ಹಣ ಬೇಡ, ಒಂದು ಕಂಪ್ಯೂಟರ್, ಒಂದು ಡ್ರೈವ್, ತಾಳ್ಮೆ ಇದ್ದರೆ ಸಾಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೃಷ್ಣರಾಜನಗರದ ಕಾಲೇಜುಗಳ ಕನ್ನಡ ವಿಭಾಗಗಳೂ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳೂ ಇದನ್ನು ಕೈಗೆತ್ತಿಕೊಳ್ಳಬಹುದು.

ತಿದ್ದಲಾಗದ ತೀರ್ಮಾನಗಳು ಒಟ್ಟು ಮೂರು ಎಂದಾಯಿತು: ತಟ್ಟೆಯನ್ನು ತಪ್ಪಾಗಿ ಓದುವುದು, ಧ್ವನಿಯನ್ನು ಕತ್ತರಿಸಿ ಇಡುವುದು, ಹೆಸರನ್ನು ಬಿಡುವುದು. ಮೊದಲನೆಯದಕ್ಕೆ ಪರೀಕ್ಷಿಸಿ ಓದುವ ಸಾಫ್ಟ್‌ವೇರ್ ಇದೆ, ಎರಡನೆಯದಕ್ಕೆ ಫ್ಲಾಕ್ ಇದೆ. ಮೂರನೆಯದಕ್ಕೆ ಮನುಷ್ಯರೇ ಬೇಕು. ಆ ನಾಟಕದಲ್ಲಿ ಹಾರ್ಮೋನಿಯಂ ನುಡಿಸಿದ ಮೇಷ್ಟ್ರು ಯಾರು, ಆ ಸೋಬಾನೆಗೆ ದನಿ ಎತ್ತಿದ ಅಜ್ಜಿ ಯಾವ ಊರಿನವರು ಎಂದು ಹೇಳಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಆದ್ದರಿಂದ ಅಂಗಡಿಯಲ್ಲಿ ಕೊಂಡ ಸಿ.ಡಿ.ಗಳಿಂದ ಶುರುಮಾಡಬೇಡಿ, ಅವುಗಳ ಇನ್ನೊಂದು ಪ್ರತಿ ಎಲ್ಲೋ ಇರುತ್ತದೆ. ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ತಟ್ಟೆಯನ್ನು ಮೊದಲು ಕೈಗೆತ್ತಿಕೊಳ್ಳಿ, ಅದನ್ನು ಹಿರಿಯರ ಎದುರು ನುಡಿಸಿ, ಅವರು ಹೇಳಿದ್ದನ್ನು ಅಂದೇ ಬರೆದಿಡಿ.